ಸೂಡಿಯ ಶಾಸನಗಳಲ್ಲಿ ಅಕ್ಕಾದೇವಿ

ಕಾಶ್ಮೀರದಿಂದ ಹೊರಟು ಕಲ್ಯಾಣದ ಆಸ್ಥಾನವನ್ನು ಸೇರಿ, ಆರನೆಯ ವಿಕ್ರಮಾದಿತ್ಯನಿಂದ ವಿದ್ಯಾಪತಿಯೆಂಬ ಪದವಿಯನ್ನು ಪಡೆದ ಬಿಲ್ಹಣನು, ತನ್ನ ‘ವಿಕ್ರಮಾಂಕದೇವಚರಿತ’ದಲ್ಲಿ ಕರಹಾಟದ ಶಿಲಾಹಾರ ರಾಜಪುತ್ರಿ ಚಂದ್ರಲೇಖೆಯ ಸೌಂದರ್ಯವನ್ನು ಮನದಣಿಯೆ ವರ್ಣಿಸಿ, ಬಳಿಕ ಸ್ವಯಂವರಮಂಟಪದಲ್ಲಿ ಅವಳ ಕೈಯಿಂದ ಕಥಾನಾಯಕನ ಕೊರಳಿಗೆ ಮಾಲೆಯನ್ನು ಹಾಕಿಸುತ್ತಾನೆ. ಮಹಾಕಾವ್ಯದ ಲಕ್ಷಣವೇ ಅದನ್ನು ಬೇಡುತ್ತಿದ್ದುದರಿಂದ ಕವಿಯನ್ನು ದೂರಿ ಫಲವಿಲ್ಲ. ಆದರೆ ಚಾಲುಕ್ಯರ ಕಾಲದ ರಾಜಕುಮಾರಿಯರ ಆಯುಷ್ಯವೆಲ್ಲ ಮಾಲೆ ಹಿಡಿದು ನಿಲ್ಲುವುದರಲ್ಲಿಯೇ ಸವೆಯಿತೆಂದು ಆ ಕಾವ್ಯವನ್ನೋದಿ ಬಗೆದವನು, ಗದಗಿನ ಸೀಮೆಗೆ ಸೇರಿದ ಸೂಡಿಯ ಶಾಸನಗಳನ್ನೊಮ್ಮೆ ನೋಡತಕ್ಕದ್ದು.

ಅಲ್ಲಿ ಕಾಣಬರುವವಳು ಅಕ್ಕಾದೇವಿ. ಐದನೆಯ ವಿಕ್ರಮಾದಿತ್ಯನಿಗೂ ಇಮ್ಮಡಿ ಜಯಸಿಂಹನಿಗೂ ಸೋದರಿಯಾಗಿ, ಒಂದನೆಯ ಸೋಮೇಶ್ವರನಿಗೆ ಸೋದರತ್ತೆಯಾಗಿದ್ದ ಈಕೆ 1010ರಲ್ಲಿಯೇ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು; ಸಿಂಹಾಸನದಲ್ಲಿ ಅರಸರು ಬದಲಾದರೂ ನಾಲ್ವತ್ತು ವರ್ಷಗಳ ಮೇಲೆಯೂ ಆ ನಾಡಿನ ಅಧಿಕಾರ ಆಕೆಯ ಕೈಯಲ್ಲಿಯೇ ಇದ್ದಿತು. ‘ಗುಣದಬೆಡಂಗಿ’ಯೆಂಬುದು ಆಕೆಯ ಬಿರುದು. 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳೆಂಬುದನ್ನು ಕೇಳಿದಾಗ, ಆಕೆಯನ್ನು ರಣರಂಗದ ಭೈರವಿಗೆ ಹೋಲಿಸಿದ ಶಾಸನಕವಿಯ ಮಾತನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗುವುದಿಲ್ಲ. ಸ್ತುತಿಸುವುದರಲ್ಲಿ ಶಾಸನಕವಿಗಳೇನೂ ಬಿಲ್ಹಣನಿಗೆ ಬಿಟ್ಟುಕೊಟ್ಟವರಲ್ಲ, ನಿಜ. ಆದರೆ ಇವರ ಸ್ತುತಿಯ ಬೆನ್ನಿಗೇ ದತ್ತಿಯ ಹೊಲ, ಎಲ್ಲೆ, ತೆರಿಗೆಗಳ ಲೆಕ್ಕವೂ ಬರುವುದು.

ಕೋಟೆಯ ಮುತ್ತಿಗೆಗಿಂತಲೂ ನನಗೆ ಹಿರಿದಾಗಿ ತೋರುವುದು ಆಕೆಯ ಆಳ್ವಿಕೆಯಲ್ಲಿ ನಡೆದ ಮತ್ತೊಂದು ಕಾರ್ಯ. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಸೂಡಿಯ ವರ್ತಕಸಮುದಾಯದ ಕಟ್ಟುಪಾಡುಗಳು ಕೆಟ್ಟುಹೋಗಿದ್ದವು. ಅಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹಿಂದಿನ ವ್ಯವಸ್ಥೆಯನ್ನು 1050ರ ಸುಮಾರಿಗೆ ಹೊಸದಾಗಿ ಕಟ್ಟಿಕೊಟ್ಟವರು ಅಕ್ಕಾದೇವಿಯ ಮಂತ್ರಿಗಳು. ದಂಡು ತುಳಿದುಹೋದ ಊರಿನಲ್ಲಿ ಅಂಗಡಿಯ ಬಾಗಿಲು ಮತ್ತೆ ತೆರೆಯಬೇಕಾದರೆ ಮೊದಲು ಯಾವುದನ್ನು ಸರಿಪಡಿಸಬೇಕೆಂಬುದನ್ನು ಈ ಅಧಿಕಾರವರ್ಗವು ಚೆನ್ನಾಗಿ ಅರಿತಿದ್ದಿತು.

ಈಕೆಯೊಬ್ಬಳೇ ಅಪವಾದವೆನ್ನುವಂತೆಯೂ ಇಲ್ಲ. ಸೋಮೇಶ್ವರನ ರಾಣಿಯರಲ್ಲಿ ಮೈಲಲದೇವಿಯು 1053ರಲ್ಲಿ ಬನವಾಸಿ ಪನ್ನಿರ್ಛಾಸಿರವನ್ನೂ, ಕೇತಲದೇವಿಯು ಮರುವರ್ಷ ಪೊನ್ನವಾಡದ ಅಗ್ರಹಾರವನ್ನೂ ಆಳುತ್ತಿದ್ದರು. ಬಿಲ್ಹಣನು ಕಲ್ಯಾಣಕ್ಕೆ ಬರುವ ವೇಳೆಗೆ ಇವೆಲ್ಲ ಆ ಅರಮನೆಯಲ್ಲಿ ಹಳೆಯ ಸಂಗತಿಗಳಾಗಿದ್ದವು.