ಕಲ್ಲಿನೊಳಗಿನ ದಿಕ್ಸೂಚಿ

ಶಿಕಾರಿಪುರ–ಸೊರಬ ಸೀಮೆಯ ಚರಿತ್ರೆಯನ್ನು ನಾವು ಮಳವಳ್ಳಿಯ ಶಾಸನಕಂಬದಿಂದಲೋ ತಾಳಗುಂದದ ಶಾಸನಕಂಬದಿಂದಲೋ ಶುರುಮಾಡುತ್ತೇವೆ. ಅರಸರ ಚರಿತ್ರೆಗೆ ಅದು ತಕ್ಕ ಆರಂಭವೇ. ನೆಲದ ಚರಿತ್ರೆಗೆ ಮಾತ್ರ ಸಾಲದು. ಕದಂಬರು ಆಳಿದ, ಬಳ್ಳಿಗಾವಿಯ ಶಿಲ್ಪಿಗಳು ಉಳಿ ಹಿಡಿದ ಈ ನೆಲ ಮೊದಲಿನಿಂದಲೂ ಇಲ್ಲೇ ಇದ್ದದ್ದಲ್ಲ. ಸಮಭಾಜಕ ವೃತ್ತದ ಆಚೆ, ದಕ್ಷಿಣ ಗೋಳಾರ್ಧದಿಂದ ಸಾವಿರಾರು ಕಿಲೋಮೀಟರ್ ಸಾಗಿ ಅದು ಇಂದಿನ 14 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಬಂದಿದೆ. ಈ ಪಯಣಕ್ಕೂ ಶಾಸನವಿದೆ. ಅದನ್ನು ಬರೆಸಿದ್ದು ಭೂಮಿಯ ಕಾಂತಕ್ಷೇತ್ರ.

ಸುಮಾರು 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣ ಹೊರಳಾಡುವುದರಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ಎತ್ತಲೂ ವಾಲಬಲ್ಲ ಕಾಂತಸೂಜಿ ಕಾಂತೀಯ ಸಮಭಾಜಕದಲ್ಲಿ ಮಟ್ಟಸವಾಗಿರುತ್ತದೆ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಅದರ ಓಲನ್ನು ನೋಡಿ ಅಕ್ಷಾಂಶ ಹೇಳಬಹುದು. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಓಲನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಮಲೆನಾಡಿನ ಜಂಬಿಟ್ಟಿಗೆಯದು ಇನ್ನೊಂದು ದಾರಿ. ನೆಲದೊಳಗಿರುವಾಗ ಅದು ಕೊಡಲಿಗೆ ಬಗ್ಗುವಷ್ಟು ಮೆದು. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗಿ ಗೋಡೆಗೆ ಒದಗುತ್ತದೆ. 1800–01ರಲ್ಲಿ ನಮ್ಮ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಈ ಜಾತಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಮಳೆನೀರು ಉಳಿದದ್ದರಲ್ಲಿ ಬಹುಪಾಲನ್ನು ತೊಳೆದು ಆ ಕಣಗಳು ರೂಪುಗೊಳ್ಳುವಾಗ ಅವೂ ಕಾಂತದ ದಿಕ್ಕನ್ನು ಹಿಡಿಯುತ್ತವೆ.

ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ವಿಜ್ಞಾನಿಗಳು 1956ರಲ್ಲಿ ದಖನ್ ಲಾವಾ ಶಿಲೆಗಳ ಕಾಂತತ್ವವನ್ನು ಪ್ರಕಟಿಸಿ, ಭಾರತ ಉತ್ತರಕ್ಕೆ ಸರಿದಿದೆ ಎಂದು ತೋರಿಸಿದರು. ಸುಮಾರು 6.6 ಕೋಟಿ ವರ್ಷದ ಹಿಂದಿನ ಆ ಶಿಲೆಗಳ ಓಲು ಹೇಳುವುದು ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ವಿಳಾಸ. ಶಿಕಾರಿಪುರದಲ್ಲಿ ದಖನ್ ಲಾವಾ ಎಲ್ಲಿದೆ ಎಂದು ಕೇಳಬಹುದು. ಇಲ್ಲಿಲ್ಲ, ನಿಜ. ಆದರೆ ಬೆಳಗಾವಿ ಕಡೆ ಆ ಲಾವಾ ಹರಡಿರುವುದು ಇದೇ ಧಾರವಾಡ ಶಿಲಾಸ್ತೋಮದ ಬೆನ್ನ ಮೇಲೆ. ಬೆನ್ನು ಸರಿಯದೆ ಹೊರೆ ಸರಿಯುವುದಿಲ್ಲ. ಹಾಗಾದರೆ 250 ಕೋಟಿ ವರ್ಷಕ್ಕೂ ಹಳೆಯ ಸ್ಥಳೀಯ ಶಿಲೆಗಳನ್ನೇ ಏಕೆ ಕೇಳಬಾರದು? ಅವು ಮತ್ತೆ ಮತ್ತೆ ಕಾದು ಮಡಿಚಿಕೊಂಡಿವೆ, ಮೊದಲ ಬರಹದ ಮೇಲೆ ಬೇರೆ ಬರಹ ಕೂತಿರಬಹುದು. ಮಳವಳ್ಳಿಯ ಒಂದೇ ಕಂಬದಲ್ಲಿ ಶಾತಕರ್ಣಿಯೊಬ್ಬನ ದಾನಶಾಸನವೂ ಆ ದಾನವನ್ನು ಮತ್ತೆ ಊರ್ಜಿತಗೊಳಿಸಿದ ಕದಂಬ ಅರಸನ ಶಾಸನವೂ ಇವೆ. ಲಿಪಿತಜ್ಞರು ಎರಡನ್ನೂ ಬಿಡಿಸಿ ಓದುತ್ತಾರೆ. ಪ್ರಯೋಗಾಲಯದಲ್ಲಿಯೂ ಕಲ್ಲನ್ನು ಹಂತಹಂತವಾಗಿ ಕಾಯಿಸಿ, ಮೇಲಿನ ಕಾಂತತ್ವವನ್ನು ಕಳೆದು, ಅಡಿಯದನ್ನು ಹುಡುಕುತ್ತಾರೆ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ನೆಲ ನಿಂತಲ್ಲೇ ಇದ್ದು ಧ್ರುವವೇ ಅಲೆದಿರಬಾರದೇಕೆ? ಧ್ರುವವೊಂದೇ ಅಲೆದಿದ್ದರೆ ಎಲ್ಲ ಖಂಡಗಳ ಕಲ್ಲುಗಳೂ ಅದರ ಒಂದೇ ಹಾದಿಯನ್ನು ಹೇಳಬೇಕಿತ್ತು. ಅವು ಬೇರೆಬೇರೆ ಹಾದಿ ಹೇಳುತ್ತವೆ. ಖಂಡಗಳನ್ನು ಹಿಂದಕ್ಕೆ ಜರುಗಿಸಿದಾಗ ಮಾತ್ರ ಆ ಹಾದಿಗಳು ಕೂಡಿಬರುತ್ತವೆ. ಸಮುದ್ರದ ಸಾಕ್ಷಿಯೂ ಇದೆ. ಅರಬ್ಬಿ ಸಮುದ್ರದ ತಳದ ಬೆಟ್ಟಸಾಲಾದ ಕಾರ್ಲ್ಸ್‌ಬರ್ಗ್ ಏಣಿನ ಕಾಂತೀಯ ಅಳತೆಗಳನ್ನು ಆಧರಿಸಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಒಂದು ವಿವರಣೆ ಕೊಟ್ಟರು: ಏಣಿನಲ್ಲಿ ಹೊಸ ತಳ ಹುಟ್ಟುತ್ತ ಇಬ್ಬದಿಗೆ ಸರಿಯುತ್ತದೆ; ಕಾಂತಕ್ಷೇತ್ರ ತಿರುವುಮುರುವಾದಾಗಲೆಲ್ಲ ಆ ತಳದಲ್ಲಿ ಒಂದೊಂದು ಪಟ್ಟೆ ಮೂಡುತ್ತದೆ. ನೆಲದ ಕಲ್ಲೂ ಕಡಲ ತಳವೂ ಒಂದನ್ನೇ ಹೇಳುತ್ತಿರುವಾಗ ಖಂಡಗಳನ್ನು ಹೊತ್ತ ಭೂಫಲಕಗಳ ಚಲನೆಯನ್ನು ಊಹೆ ಎನ್ನಲಾಗದು.

ಜಂಬಿಟ್ಟಿಗೆಗೆ ಈ ಚರಿತ್ರೆಯಲ್ಲಿ ಪಾಲು ಬರುವುದು ಇಲ್ಲೇ. ಫಲಕ ಸಾಗಿದ ಹಾದಿ ಗೊತ್ತಿದ್ದರೆ, ಕಲ್ಲಿನ ಓಲಿನಿಂದ ಅದು ರೂಪುಗೊಂಡ ಕಾಲವನ್ನು ಅಂದಾಜಿಸಬಹುದು. ಆದರೆ ಅದಕ್ಕೆ ಕಲ್ಲು ಹುಟ್ಟಿದ ಜಾಗದಲ್ಲೇ, ಹುಟ್ಟಿದ ಭಂಗಿಯಲ್ಲೇ ಇರಬೇಕು. ಕಡಿದು ಗೋಡೆಗೆ ಸೇರಿಸಿದ ಮೇಲೆ ಕಾಂತತ್ವ ಉಳಿದರೂ ದಿಕ್ಕು ಕಳೆದುಹೋಗುತ್ತದೆ. ಊರಿನ ವೀರಗಲ್ಲನ್ನು ಕಾಯುವಷ್ಟೇ ಅಕ್ಕರೆಯಿಂದ, ಪ್ರತಿ ಕ್ವಾರಿಯಲ್ಲೂ ಒಂದು ಮೈಯನ್ನಾದರೂ ಕಡಿಯದೆ ಉಳಿಸಬೇಕು.