ಒಂದೇ ತಾರೀಖು, ಎರಡು ಯುದ್ಧ

ನವೆಂಬರ್ 11 ಬಂತೆಂದರೆ ಜಾರ್ಜ್‌ಟೌನಿನ ಶಾಲೆಗಳಲ್ಲಿ ನಮ್ಮ ಮಕ್ಕಳೂ ಎದೆಗೆ ಕೆಂಪು ಪಾಪಿ ಹೂ ಸಿಕ್ಕಿಸಿಕೊಳ್ಳುತ್ತಾರೆ. ಆ ಮೊದಲ ಮಹಾಯುದ್ಧದಲ್ಲಿ ನಮ್ಮ ನಾಡಿನವರಿದ್ದರೇ ಎಂದು ಅವರು ಕೇಳಿದರೆ, ಹೇಳಲು ಒಂದು ತಾರೀಖಿದೆ: 1918ರ ಸೆಪ್ಟೆಂಬರ್ 23.

ಅಂದು ಪ್ಯಾಲೆಸ್ತೀನಿನ ಹೈಫಾ ಬಂದರು ತುರ್ಕರ ವಶದಲ್ಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ. ನಡುವಿನ ಇಕ್ಕಟ್ಟಾದ ದಾರಿಗೆ ಫಿರಂಗಿ, ಮೆಷಿನ್‌ಗನ್ನುಗಳ ಕಾವಲು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಡಿದಾದ ಬೆಟ್ಟವೇರಿ ಮೇಲಿನ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಮಡಿದರು. ಭರ್ಜಿ ಹಿಡಿದ ಕುದುರೆ ಪಡೆ ಅದೇ ದಿನ ಊರನ್ನು ಗೆದ್ದು ಸುಮಾರು 1,350 ಮಂದಿಯನ್ನು ಸೆರೆಹಿಡಿಯಿತು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದಿನ ಸವಾರರ ನೆನಪಿಗೆ ನಿಂತವು.

ಅದಕ್ಕೆ ಸರಿಯಾಗಿ 115 ವರ್ಷ ಹಿಂದೆ, 1803ರ ಸೆಪ್ಟೆಂಬರ್ 23ರಂದು, ಈಗಿನ ಮಹಾರಾಷ್ಟ್ರದ ಅಸಾಯೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಶಿಂಧೆ ಮತ್ತು ಭೋಂಸ್ಲೆಯರ ಸೈನ್ಯವನ್ನು ಸೋಲಿಸಿದ. ಅವನ ದಂಡು ಆ ವರ್ಷ ಮಾರ್ಚಿನಲ್ಲಿ ಹೊರಟದ್ದು ನಮ್ಮ ಹರಿಹರದಿಂದ. ಮೈಸೂರಿನ ಸವಾರರೂ ಜೊತೆಗಿದ್ದರು. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ನಾಲ್ಕೇ ವರ್ಷ! ದಿವಾನ್ ಪೂರ್ಣಯ್ಯನವರಿಗೆ ಬೇರೆ ದಾರಿ ಇರಲಿಲ್ಲವೆನ್ನಿ.

ಹೈಫಾದ ಕಥೆ ಹೇಳುವಾಗ ಹೆಮ್ಮೆ ತಾನಾಗಿ ಬರುತ್ತದೆ. ಅಸಾಯೆಯದನ್ನು ಹೇಳುವಾಗ ನನಗೆ ಮಾತು ತಡವರಿಸುತ್ತದೆ. ಕೈಟ್ನಾ ನದಿಯ ದಕ್ಷಿಣ ದಡದಲ್ಲಿ ಮೈಸೂರಿನವರು ತಡೆದು ನಿಂತದ್ದು ನೆರೆನಾಡಿನ ಕುದುರೆ ಸವಾರರನ್ನೇ.