ತಾಮ್ರಪಟದಿಂದ ವಿಮಾನದ ಪಟಕ್ಕೆ

ಹುಡುಗರು ಉಪಾಧ್ಯಾಯರ ಬಳಿಗೆ ತರುವ ಪ್ರಶ್ನೆಗಳಲ್ಲಿ ಪಠ್ಯಪುಸ್ತಕದೊಳಗಿನವು ಕಡಮೆ. ಚಳ್ಳಕೆರೆಯ ನಮ್ಮ ಹೈಸ್ಕೂಲಿನ ಹುಡುಗನೊಬ್ಬ ಒಂದು ಸಂಜೆ ಮನೆಯ ಬಾಗಿಲಿಗೆ ಬಂದು, ಅಣ್ಣನ ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿದ. ಒಂದರಲ್ಲಿ ಬಾಲವಿಲ್ಲದ, ಬರಿಯ ರೆಕ್ಕೆಯೇ ಮೈಯಾದ ವಿಮಾನ. ವಿಮಾನಚಾಲಕ ಕೂರುವ ಸ್ಥಳವೇ ಕಾಣದು. ಇನ್ನೊಂದರಲ್ಲಿ ಅಂಥದೇ ವಿಮಾನ, ರೆಕ್ಕೆಯಡಿ ನಾಲ್ಕು ಕ್ಷಿಪಣಿಗಳನ್ನು ಹೊತ್ತು ಬೆಟ್ಟಗಳ ಮೇಲೆ ಹಾರುತ್ತಿತ್ತು. "ಸಾರ್, ಇದು ನಮ್ಮ ಕುದಾಪುರದ ಕಡೆ ಹಾರಿದ ಹೊಸ ಫೈಟರ್ ಅಂತೆ. ಎಲ್ಲ ಗುಂಪುಗಳಿಗೂ ಕಳಿಸಲಾ?" ಎಂದು ಕೇಳಿದ.

ನಾನು ಕನ್ನಡ ಪಂಡಿತ. ವಿಮಾನದ ವಿಷಯದಲ್ಲಿ ನನ್ನ ವಿದ್ಯೆ ರಾವಣನ ಪುಷ್ಪಕದಿಂದಾಚೆಗೆ ಹೋದುದಲ್ಲ. ಆದರೂ ಹುಡುಗನನ್ನು ಹಾಗೆಯೇ ಕಳುಹಿಸಲು ಮನಸ್ಸು ಬರಲಿಲ್ಲ. ಚಿತ್ರ ಸುಳ್ಳಾಗಿದ್ದರೆ ಊರಿಗೆಲ್ಲ ಸುಳ್ಳು ಹಂಚಿದ ಹಾಗಾಯಿತು. ನಿಜವಾಗಿದ್ದು, ಯಾರೋ ಕದ್ದು ತೆಗೆದದ್ದಾಗಿದ್ದರೆ, ಅದು ಇನ್ನೂ ಕಷ್ಟ. ರಕ್ಷಣಾ ಇಲಾಖೆಯ ನಿಷೇಧಿತ ಸ್ಥಳದ ಚಿತ್ರ 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಬಲೆಗೆ ಬೀಳಬಹುದಾದ ವಸ್ತು. ಹದಿನೈದು ವರ್ಷದ ಹುಡುಗನಿಗೆ ಎರಡೂ ಬೇಡ. "ಕೂತುಕೋ, ಮೊದಲು ನೋಡೋಣ" ಎಂದೆ.

ನೋಡುವ ಬಗೆ ಮಾತ್ರ ನನಗೆ ಹೊಸದಲ್ಲ. ಶಾಸನಗಳನ್ನು ಓದಿದವರಿಗೆ ಖೋಟಾ ದಾಖಲೆಯ ಪರಿಚಯ ಇದ್ದೇ ಇರುತ್ತದೆ. ಹಿಂದಿನ ಕಾಲದಲ್ಲಿ ಭೂಮಿಯ ಮೇಲೆ ಹಕ್ಕು ಸಾಧಿಸಲು ಸುಳ್ಳು ತಾಮ್ರಪಟಗಳನ್ನು ಬರೆಸಿದವರು ಅನೇಕರು. 1901ರಲ್ಲಿ ಫ್ಲೀಟ್ ಮಹಾಶಯರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಥವುಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ನಮ್ಮ ಗಂಗರ ತಾಮ್ರಪಟಗಳೇ ಅದರಲ್ಲಿ ಬಹಳ. ಬಿ. ಎಲ್. ರೈಸರು ಅವುಗಳ ಪರವಾಗಿ ವಾದಿಸಿದರು, ಫ್ಲೀಟರು ಬಿಡಲಿಲ್ಲ. ಗಂಗರಾಜ ಅವಿನೀತನದೆಂದು ಹೇಳುವ ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆದರೆ ಅಕ್ಷರಗಳ ಆಕಾರ ಅದಕ್ಕಿಂತ ಶತಮಾನಗಳಷ್ಟು ಈಚಿನದು. ವಿದ್ಯಾರ್ಥಿಯಾಗಿದ್ದಾಗ ಇದನ್ನು ಕೇಳಿ ನನಗೆ ಸಿಟ್ಟೇ ಬಂದಿತ್ತು. ಕನ್ನಡದ ಪ್ರಾಚೀನತೆಗೆ ಆಧಾರವಾಗುವ ತಗಡು ಸುಳ್ಳಾಗಬಾರದೆಂದು ನನ್ನ ಆಸೆ. ಆಸೆ ಎಲ್ಲಿರುತ್ತದೆಯೋ ಅಲ್ಲಿ ಕಣ್ಣು ಮಂಜಾಗುತ್ತದೆ ಎಂದು ನನಗೆ ಕಲಿಸಿದ್ದು ಆ ತಗಡೇ. ನಮ್ಮದೇ ಯುದ್ಧವಿಮಾನ, ಅದೂ ನಮ್ಮ ತಾಲ್ಲೂಕಿನಿಂದಲೇ ಹಾರಿದ್ದು ಎಂದಾಗ ಆ ಹುಡುಗನ ಮುಖದಲ್ಲಿ ಕಂಡದ್ದೂ ಅದೇ ಆಸೆ.

ಶಾಸನ ಕೈಗೆ ಬಂದರೆ ಪಂಡಿತರು ಅದು ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂದಿತು ಎಂದು ಮೊದಲು ಕೇಳುತ್ತಾರೆ. ಆಮೇಲೆ ಮುದ್ರೆಯನ್ನು ನೋಡುತ್ತಾರೆ. ಗಂಗರದಾದರೆ ಆನೆ, ಬಾದಾಮಿಯ ಚಾಲುಕ್ಯರದಾದರೆ ವರಾಹ, ರಾಷ್ಟ್ರಕೂಟರದಾದರೆ ಗರುಡ. ಆ ಬಳಿಕ ತಿಥಿ ವಾರಗಳ ಲೆಕ್ಕ. ಹುಣ್ಣಿಮೆಯ ದಿನ ಸೂರ್ಯಗ್ರಹಣದಲ್ಲಿ ದಾನ ಕೊಟ್ಟೆನೆಂದು ಅರಸನು ಹೇಳಿದರೆ ಆ ಅರಸನನ್ನು ಅಲ್ಲಿಗೇ ಬಿಡಬೇಕು.

ಕ್ಷಿಪಣಿ ಹೊತ್ತ ಎರಡನೆಯ ಚಿತ್ರವನ್ನು ಈ ಕ್ರಮದಲ್ಲಿಯೇ ನೋಡಿದೆವು. ಎಲ್ಲಿಂದ ಬಂತೆಂದರೆ ಹುಡುಗನಿಗೆ ಗೊತ್ತಿಲ್ಲ. ಅಣ್ಣನಿಗೆ ಯಾರೋ ಕಳಿಸಿದ್ದು, ಆ ಯಾರಿಗೋ ಇನ್ನಾರೋ. ಮುದ್ರೆ ನೋಡಿದೆವು. ನಮ್ಮ ವಾಯುಪಡೆಯ ವೃತ್ತಲಾಂಛನದಲ್ಲಿ ಹೊರಗಿನ ಬಳೆ ಕೇಸರಿ, ನಡುವೆ ಬಿಳಿ, ಒಳಗಿನ ಬೊಟ್ಟು ಹಸಿರು. ಚಿತ್ರದಲ್ಲಿ ಕೇಸರಿ ಒಳಗೆ, ಹಸಿರು ಹೊರಗೆ! ಬೆಳಕು ವಿಮಾನದ ಮೇಲೆ ಎಡದಿಂದ ಬಿದ್ದಿತ್ತು, ಬೆಟ್ಟದ ಮೇಲೆ ಬಲದಿಂದ. ಹುಣ್ಣಿಮೆಯ ಸೂರ್ಯಗ್ರಹಣವೆಂದರೆ ಇದೇ. ಹುಡುಗ ತಾನೇ ಕಂಡುಹಿಡಿದದ್ದು ಇನ್ನೊಂದು: "ಸಾರ್, ಬೆಟ್ಟದ ತುಂಬ ದೇವದಾರು ಮರ ಇದಾವೆ!" ಜಾಲಿ ಹಬ್ಬಿದ ಚಳ್ಳಕೆರೆಯ ಬಯಲಿನಲ್ಲಿ, ಮೊಳಕಾಲ್ಮುರಿನ ಬೋಳುಗುಡ್ಡಗಳಲ್ಲಿ ದೇವದಾರುವನ್ನು ಬೆಳೆಸಿದ ಪುಣ್ಯಾತ್ಮ ಯಾರೋ.

ಹೀಗೆ ಅಂಟಿಸಿ ತೋರಿಸುವುದು ನಮ್ಮಲ್ಲಿ ಮಾತ್ರ ನಡೆಯುವುದೆಂದು ತಾವು ತಿಳಿಯಬೇಡಿ. ಇರಾನು 2013ರ ಫೆಬ್ರವರಿಯಲ್ಲಿ 'ಖಾಹೇರ್ 313' ಎಂಬ ವಿಮಾನವನ್ನು ಪ್ರದರ್ಶನಕ್ಕಿಟ್ಟಿತು. ಕೆಲವೇ ದಿನಗಳಲ್ಲಿ ಅದು ದಮಾವಂದ್ ಪರ್ವತದ ಮೇಲೆ ಹಾರುತ್ತಿರುವ ಚಿತ್ರ ಹೊರಬಂತು. ವಿಮಾನದ ಮೈಮೇಲಿನ ಬೆಳಕಿನ ಹೊಳಪೂ ವಿಮಾನ ನಿಂತ ಕೋನವೂ ಪ್ರದರ್ಶನದ ದಿನದ ಚಿತ್ರದಲ್ಲಿದ್ದ ಹಾಗೆಯೇ ಇದ್ದುವು. ಪರ್ವತ ಬೇರೊಂದು ಹಳೆಯ ಚಿತ್ರದ್ದು. ಇದನ್ನು ಬಯಲಿಗೆಳೆದವನೂ ಒಬ್ಬ ಇರಾನಿಯೇ.

ಇನ್ನು ಮೊದಲನೆಯ ಚಿತ್ರ. ಇದನ್ನು ತಿಳಿಯಲು ನಮ್ಮ ಕಾವಲುಗಳ ಕಥೆ ಸ್ವಲ್ಪ ಬೇಕು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಿವು. ಅದರಲ್ಲಿ 4,000 ಎಕರೆಗಳಷ್ಟು ನೆಲ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ, ಅಂದರೆ ಡಿ.ಆರ್.ಡಿ.ಓ.ಗೆ, ಸೇರಿತು. ಕುರಿ ಮೇಯಿಸುತ್ತಿದ್ದವರು ಗೋಡೆಯ ಹೊರಗುಳಿದರು. ಆ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ಕ್ಷೇತ್ರ 2017ರ ಮೇ 28ರಂದು ವಿಧ್ಯುಕ್ತವಾಗಿ ಆರಂಭವಾಯಿತು. ಅದಕ್ಕೆ ಮೊದಲೇ, 2016ರ ನವೆಂಬರಿನಲ್ಲಿ, 'ರುಸ್ತುಂ 2' ಎಂಬ ಚಾಲಕರಹಿತ ವಿಮಾನ ಅಲ್ಲಿಂದ ಹಾರಿತ್ತು. ಬಾಲವಿಲ್ಲದ ಆ ರೆಕ್ಕೆ ವಿಮಾನ ಮೊದಲು ಹಾರಿದ್ದು 2022ರ ಜುಲೈ 1ರಂದು; ಚಿತ್ರವನ್ನೂ ಸುದ್ದಿಯನ್ನೂ ಸರ್ಕಾರವೇ ಪ್ರಕಟಿಸಿತು. 2023ರ ಡಿಸೆಂಬರ್ 15ರಂದು ಮತ್ತೊಂದು ಹಾರಾಟದ ಸುದ್ದಿ ಬಂತು. ಹುಡುಗನ ಚಿತ್ರವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಅದೇ ವಿಮಾನ. ಚಿತ್ರ ನಿಜ. ಆದರೆ 'ಫೈಟರ್' ಎಂಬ ಮಾತು ನಿಜವಲ್ಲ! ಅದು ಸಣ್ಣ ಟರ್ಬೊಫ್ಯಾನ್ ಎಂಜಿನಿನ, ಮನುಷ್ಯರನ್ನು ಹೊರದ, ತಂತ್ರಜ್ಞಾನವನ್ನು ಪರೀಕ್ಷಿಸಲು ಮಾಡಿದ ವಿಮಾನ. ಚಾಲಕನ ಸ್ಥಳ ಕಾಣದ್ದಕ್ಕೆ ಕಾರಣ ರಹಸ್ಯವಲ್ಲ. ಅಲ್ಲಿ ಚಾಲಕನೇ ಇಲ್ಲ.

ಚಿತ್ರ ನಿಜ, ಒಕ್ಕಣೆ ಸುಳ್ಳು ಎಂಬ ಈ ಜಾತಿಯೇ ಎಲ್ಲಕ್ಕಿಂತ ಅಪಾಯದ್ದು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದಾಗ, ಬಹಾವಲ್ಪುರದ ಬಳಿ ಉರುಳಿಸಿದ ನಮ್ಮ ರಫೇಲ್ ಎಂದು ಒಂದು ಚಿತ್ರ ಹರಿದಾಡಿತು. ಚಿತ್ರದಲ್ಲಿದ್ದದ್ದು 2021ರಲ್ಲಿ ಪಂಜಾಬಿನ ಮೋಗಾ ಬಳಿ ಬಿದ್ದ ಮಿಗ್ 21. ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯೇ ಇದನ್ನು ತಿಳಿಸಬೇಕಾಯಿತು. ಹಳೆಯ ಕಲ್ಲಿಗೆ ಹೊಸ ಮಿತಿ ಕೆತ್ತಿದಂತೆ. ಅಮೆರಿಕದವರದು ಇನ್ನೂ ಜಾಣತನ. ಅವರ ಎಫ್ 117 ವಿಮಾನ 1981ರಲ್ಲಿಯೇ ಹಾರಿದ್ದರೂ ಸುದ್ದಿಯಿಲ್ಲ. 1986ರಲ್ಲಿ ಆಟಿಕೆ ಮಾದರಿಗಳ ಕಂಪನಿಯೊಂದು ಊಹೆಯಿಂದಲೇ 'ಎಫ್ 19' ಎಂಬ ನುಣುಪಾದ ವಿಮಾನವನ್ನು ಮಾಡಿ ಮಾರಿತು. 1988ರ ನವೆಂಬರಿನಲ್ಲಿ ವಾಯುಪಡೆ ಕೊನೆಗೂ ಒಂದು ಚಿತ್ರ ಕೊಟ್ಟಿತು. ಅದೋ ಮಸುಕು, ವಿಮಾನದ ನಿಜವಾದ ಆಕಾರ ತಿಳಿಯದಂಥ ಕೋನದಿಂದ ತೆಗೆದದ್ದು. ಅಪ್ಪಟ ಅಧಿಕೃತ ಚಿತ್ರವೇ, ಆದರೂ ನೋಡುವವನನ್ನು ದಾರಿ ತಪ್ಪಿಸುವಂಥದು. ನಮ್ಮ ಪ್ರಶಸ್ತಿಶಾಸನಗಳ ಹಾಗೆ: ಕಲ್ಲು ನಿಜ, ಕೆತ್ತಿಸಿದವನೂ ನಿಜ, ಅವನು ಗೆದ್ದೆನೆಂದ ರಾಜ್ಯಗಳನ್ನು ಮಾತ್ರ ನಾವೇ ಎಣಿಸಿ ನೋಡಬೇಕು.

ಒಡೆಯನು ಬಾಯಿಬಿಡದಿದ್ದಾಗ ಏನು ಮಾಡುವುದು? ಇದಕ್ಕೆ ಉತ್ತರ ನೆರೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಇದೆ. 1892ರಲ್ಲಿ ರೈಸರು ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಬಂಡೆಶಾಸನಗಳನ್ನು ಬೆಳಕಿಗೆ ತಂದರು. ಕೆಲವೇ ಮೈಲಿಗಳ ಅಂತರದ ಮೂರು ಬಂಡೆಗಳು, ಒಂದೇ ಆಜ್ಞೆ, ಒಬ್ಬನೇ ಲಿಪಿಕಾರ, ಚಪಡ. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದು ಹೇಳುತ್ತದೆ. ಬ್ರಾಹ್ಮಿಯಲ್ಲಿ ಬರೆದ ಚಪಡ ಕೊನೆಯ ಪದವೊಂದನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದುಬಿಟ್ಟಿದ್ದಾನೆ. ಮೋಸಗಾರನಿಗೆ ಇಂಥ ಬುದ್ಧಿ ಹೊಳೆಯುವುದಿಲ್ಲ. ಈ ಬಂಡೆಗಳಲ್ಲಿ 'ದೇವಾನಾಂಪ್ರಿಯ' ಎಂದಿದೆಯೇ ಹೊರತು ಅಶೋಕನೆಂಬ ಹೆಸರಿಲ್ಲ. ಆ ಹೆಸರು ಶಾಸನದಲ್ಲಿ ಮೊದಲು ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಚೀನದ ಚೆಂಗ್ಡು ನಗರದ ಮೇಲೆ 2024ರ ಡಿಸೆಂಬರ್ 26ರಂದು ಬಾಲವಿಲ್ಲದ ಹೊಸ ಯುದ್ಧವಿಮಾನವೊಂದು ಕಂಡಾಗ ಜಗತ್ತಿನ ಬಲ್ಲವರು ನಂಬಿದ್ದು ಇದೇ ನ್ಯಾಯದಿಂದ. ಒಂದಲ್ಲ, ಹಲವು ಚಿತ್ರಗಳು. ಬೇರೆ ಬೇರೆ ಕಡೆ ನಿಂತವರು ತೆಗೆದವು. ಎಲ್ಲದರಲ್ಲಿಯೂ ಒಂದೇ ಆಕಾರ. ಜೊತೆಗೆ ಹಾರುತ್ತಿದ್ದ, ಎಲ್ಲರಿಗೂ ಪರಿಚಿತವಾದ ಜೆ 20 ವಿಮಾನದಿಂದ ಹೊಸದರ ಗಾತ್ರವನ್ನೂ ಅಳೆಯಬಹುದಾಗಿತ್ತು. ನಮ್ಮಲ್ಲಿಯೂ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ರುಸ್ತುಂ 2 ಬಿದ್ದಾಗ, 2023ರ ಆಗಸ್ಟ್ 20ರಂದು ಹಿರಿಯೂರಿನ ಕಡೆ ವಡ್ಡಿಕೆರೆಯ ಹೊಲದಲ್ಲಿ 'ತಪಸ್' ಬಿದ್ದಾಗ, ಸುತ್ತ ನೆರೆದ ಜನರ ಕೈಯ ಮೊಬೈಲುಗಳೇ ಸಾಕ್ಷಿಗಳಾದುವು.

ಹುಡುಗ ಎರಡನೆಯ ಚಿತ್ರವನ್ನು ಅಳಿಸಿದ. ಮೊದಲನೆಯದನ್ನು ಉಳಿಸಿಕೊಂಡು, "ಇದನ್ನ ನಮ್ಮ ತಾತ ನೋಡಿದೀನಿ ಅಂತಾನೆ ಸಾರ್, ಯಾರೂ ನಂಬಲ್ಲ" ಎಂದ. ಮಾರನೆಯ ಭಾನುವಾರ ಆ ಮುದುಕರನ್ನು ಕಂಡೆ. ಹಿಂದೆ ಕಾವಲಿನೊಳಗೇ ಕುರಿ ಮೇಯಿಸುತ್ತಿದ್ದವರು, ಈಗ ಗೋಡೆಯ ಪಕ್ಕದಲ್ಲಿ ಮೇಯಿಸುತ್ತಾರೆ. ನಾನು ಚಿತ್ರ ತೋರಿಸಲಿಲ್ಲ. ತೋರಿಸಿ ಕೇಳಿದರೆ ಸಾಕ್ಷಿ ಕೆಡುತ್ತದೆ. ಏನು ಕಂಡಿರಿ ಎಂದಷ್ಟೇ ಕೇಳಿದೆ.

"ಬಾಲ ಇಲ್ಲದ ಹದ್ದು ಕಣಪ್ಪ, ರೆಕ್ಕೆ ಆಡಿಸ್ತಿರಲಿಲ್ಲ" ಎಂದರು.

ಯಾವಾಗ ಎಂದೆ. ತಾರೀಖು ಅವರಿಗೆ ಬೇಡದ ವಿಷಯ. "ಶೇಂಗಾ ಬಿತ್ತೋಕೆ ಮಳೆ ಕಾಯ್ತಿದ್ವಿ. ಬೀಜ ತಂದು ಮನೇಲಿಟ್ಟಿದ್ದೆ" ಎಂದರು. ನಮ್ಮ ಸೀಮೆಯಲ್ಲಿ ಅದು ಜೂನ್ ಕೊನೆ, ಜುಲೈ ಮೊದಲು. ಮೊಮ್ಮಗ ನೋಟ್‌ಬುಕ್ಕಿನಲ್ಲಿ ತಾತನ ಮಾತನ್ನು ಹಾಗೆಯೇ ಬರೆದುಕೊಂಡು, ಕೆಳಗೆ ತಾತನ ಹೆಸರನ್ನೂ ಆ ದಿನದ ತಾರೀಖನ್ನೂ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡ.